ಒಣ ಮಣ್ಣಿನಲ್ಲಿ ಸೂಡೊಮೊನಾಸ್ ಎಷ್ಟು ದಿನ? ಡಿ-ಮೌಲ್ಯವೋ ವೈಬುಲ್ಲೋ

ಕೊಡಗಿನ ತೋಟಗಳಲ್ಲಿ ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿದ ಸೂಡೊಮೊನಾಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಹೂಮಳೆ ಬೀಳುವ ತನಕ ಉಳಿದೀತೇ? ಕುಂಡದ ಮಣ್ಣು ಒಣಗಿಸುತ್ತಾ, ಅದನ್ನು ಪ್ಲೇಟಿನ ಮೇಲೆ ಹರಡಿ ಬೆಳೆದ ಕಾಲೊನಿಗಳನ್ನು ಎಣಿಸಿದರೆ ಅಂಕಿಗಳೇನೋ ಸಿಗುತ್ತವೆ. ಅವನ್ನು ಯಾವ ಲೆಕ್ಕಕ್ಕೆ ಹಚ್ಚುತ್ತೀರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಡಿ-ಮೌಲ್ಯ ಎಂದರೆ ಸಂಖ್ಯೆ ಹತ್ತನೇ ಒಂದಕ್ಕೆ ಇಳಿಯಲು ಬೇಕಾದ ಕಾಲ. ದಿನಗಳೆದುರು ಎಣಿಕೆಯ ಲಾಗ್ (ಒಂದು ಲಾಗ್ ಇಳಿದರೆ ಹತ್ತನೇ ಒಂದು) ಇಟ್ಟು ಎಕ್ಸೆಲ್‌ನಲ್ಲಿ ಗೆರೆ ಎಳೆದರೆ ಮುಗಿಯಿತು. ಆದರೆ ಒಣಗುವ ಮಣ್ಣಿನಲ್ಲಿ ಸಾವು ಸಾಮಾನ್ಯವಾಗಿ ಒಂದೇ ವೇಗದಲ್ಲಿ ಸಾಗುವುದಿಲ್ಲ. ಬಹುಪಾಲು ಮೊದಲೇ ಸಾಯುತ್ತವೆ, ಹೆಂಟೆಯೊಳಗಿನ ಸಣ್ಣ ರಂಧ್ರಗಳಲ್ಲಿ ಸೇರಿಕೊಂಡವು ತಡೆದು ನಿಲ್ಲುತ್ತವೆ.

ಸಾವಿನ ವೇಗ ಬದಲಾಗಲು ಬಿಡುವ ಸೂತ್ರ ವೈಬುಲ್. ಅದರಲ್ಲಿ ದಿನವನ್ನು ಡೆಲ್ಟಾದಿಂದ (ಮೊದಲ ಒಂದು ಲಾಗ್ ಇಳಿಯುವ ಕಾಲ) ಭಾಗಿಸಿ, ಗೆರೆಯ ಬಾಗು ಹೇಳುವ ಪಿ ಘಾತಕ್ಕೇರಿಸಿದರೆ ಲಾಗ್ ಇಳಿಕೆ ಬರುತ್ತದೆ. ಪಿ 1 ಆದರೆ ಅದೇ ನೇರ ಗೆರೆ, 1ಕ್ಕಿಂತ ಕಡಿಮೆಯಾದರೆ ಕೊನೆಗೆ ಉದ್ದನೆಯ ಬಾಲ. ಉದಾಹರಣೆಗೆ ಡೆಲ್ಟಾ 2 ದಿನ, ಪಿ 0.5 ಎನ್ನಿ. 2ನೇ ದಿನಕ್ಕೆ ಒಂದು ಲಾಗ್, 8ನೇ ದಿನಕ್ಕೆ ಎರಡು, 18ಕ್ಕೆ ಮೂರು. ಮೊದಲೆರಡು ದಿನ ಮಾತ್ರ ನೋಡಿ ಗೆರೆ ಎಳೆದವರಿಗೆ 8ನೇ ದಿನಕ್ಕೆ ನಾಲ್ಕು ಲಾಗ್ ಇಳಿದಂತೆ ಕಾಣುತ್ತದೆ. ಅಂದರೆ ನೂರು ಪಟ್ಟು ತಪ್ಪು.

ಹಾಗೆಂದು ವೈಬುಲ್ ಪುಕ್ಕಟೆಯಲ್ಲ. ಡೆಲ್ಟಾ, ಪಿ ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಾಲ್ಕೇ ಬಿಂದು ಕೊಟ್ಟರೆ ಏನು ಬೇಕಾದರೂ ಹೇಳಿಬಿಡುತ್ತದೆ. ಏಳೆಂಟು ದಿನಾಂಕ ಬೇಕು, ಆರಂಭದಲ್ಲಿ ಒತ್ತಾಗಿ. ಪಿ-ಯ 95% ವ್ಯಾಪ್ತಿಯಲ್ಲಿ 1 ಇದ್ದರೆ ಗೆರೆಯೇ ಸಾಕು.

ಡಿ-ಮೌಲ್ಯದವರು, ವೈಬುಲ್‌ನವರು ಇಬ್ಬರೂ ಎಡವುವುದು ಸೊನ್ನೆಯಲ್ಲಿ, ಅಂದರೆ ಕಾಲೊನಿಯೇ ಬಾರದ ಪ್ಲೇಟಿನಲ್ಲಿ. ಸೊನ್ನೆಗೆ ಲಾಗ್ ಇಲ್ಲ ಎಂದು ಆ ಪ್ಲೇಟನ್ನು ಬಿಟ್ಟರೆ ಬಾಲ ಸುಳ್ಳೇ ಉದ್ದವಾಗುತ್ತದೆ. 1 ಗ್ರಾಂ ಮಣ್ಣನ್ನು 9 ಮಿ.ಲೀ. ಸಲೈನ್‌ನಲ್ಲಿ (ಉಪ್ಪುನೀರು) ಕದಡಿ, ಎರಡು ಪ್ಲೇಟಿಗೆ ತಲಾ 0.1 ಮಿ.ಲೀ. ಹರಡಿದರೆ ನೋಡಿದ್ದು 0.02 ಗ್ರಾಂ ಮಣ್ಣು ಮಾತ್ರ. ಎರಡೂ ಖಾಲಿ ಎಂದರೆ 'ಸತ್ತುಹೋಯಿತು' ಎಂದಲ್ಲ, 95% ಭರವಸೆಯಲ್ಲಿ 'ಗ್ರಾಂಗೆ 150ಕ್ಕಿಂತ ಕಡಿಮೆ' ಎಂದಷ್ಟೇ. ಹಾಗಾಗಿ ಲಾಗ್ ತೆಗೆಯದೆ ಕಾಲೊನಿ ಎಣಿಕೆಯನ್ನೇ ಪ್ವಾಸಾನ್ ಲೆಕ್ಕಕ್ಕೆ (0, 1, 2 ಎಂಬ ಎಣಿಕೆಗಳಿಗೆಂದೇ ಇರುವ ಸಂಖ್ಯಾಶಾಸ್ತ್ರದ ಮಾದರಿ) ಕೊಡಿ, ನೋಡಿದ ಮಣ್ಣಿನ ಪ್ರಮಾಣವನ್ನೂ ಜೊತೆಗಿಡಿ. ಸೊನ್ನೆ ತಾನಾಗಿ ಒಳಗೆ ಕೂರುತ್ತದೆ. ಬ್ಯಾಕ್ಟೀರಿಯಾ ಗಂಟುಗಂಟಾಗಿ ಬಂದು ಎಣಿಕೆಯ ಏರುಪೇರು ಹೆಚ್ಚಿದರೆ, ಅದನ್ನು ತಾಳುವ ನೆಗೆಟಿವ್ ಬೈನಾಮಿಯಲ್ ಮಾದರಿ ಬಳಸಿ.

ಎಂಪಿಎನ್ ಟ್ಯೂಬು (ಎಷ್ಟು ಟ್ಯೂಬಿನಲ್ಲಿ ಬೆಳೆ ಬಂತೆಂದು ನೋಡಿ ಸಂಖ್ಯೆ ಅಂದಾಜಿಸುವ ವಿಧಾನ) ತೀರಾ ಕಡಿಮೆ ಸಂಖ್ಯೆಗೆ ಮಾತ್ರ. ಐದೈದು ಟ್ಯೂಬಿಟ್ಟರೂ ಉತ್ತರ ಮೂರು ಪಟ್ಟು ಆಚೀಚೆ.

ಒಂದೇ ಕುಂಡದ ಮೂರು ಪ್ಲೇಟು ಮೂರು ಪುನರಾವರ್ತನೆಯಲ್ಲ. ಪ್ರತಿ ದಿನಾಂಕಕ್ಕೂ ಬೇರೆ ಬೇರೆ ಕುಂಡಗಳಿರಲಿ. ಸ್ಥಳೀಯ ಸೂಡೊಮೊನಾಸ್ ಕೂಡ ಕಿಂಗ್ಸ್ ಬಿ ಮಾಧ್ಯಮದಲ್ಲಿ ಹೊಳೆಯುತ್ತದೆ, ಆದ್ದರಿಂದ ರಿಫಾಂಪಿಸಿನ್ ಎಂಬ ಆಂಟಿಬಯೋಟಿಕ್ ತಾಳುವ ತಳಿಯನ್ನೇ ಕುಂಡಕ್ಕೆ ಹಾಕಿ, ಅದೇ ಔಷಧ ಬೆರೆಸಿದ ಮಾಧ್ಯಮದಲ್ಲಿ ಎಣಿಸಿ. ಎಣಿಕೆಯನ್ನು 105 ಡಿಗ್ರಿಯಲ್ಲಿ ಒಣಗಿಸಿದ ಮಣ್ಣಿನ ತೂಕಕ್ಕೆ ಹೊಂದಿಸಿ: ತೇವಾಂಶ ಹಸಿ ತೂಕದ 30%ರಿಂದ 10%ಕ್ಕೆ ಇಳಿದರೆ, ಹಸಿ ತೂಕದ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಸುಮ್ಮಸುಮ್ಮನೆ 0.11 ಲಾಗ್ ಹೆಚ್ಚಿದಂತೆ ತೋರುತ್ತದೆ.