ಸೋಲರಿಯದ ತಂಡ, ಮಾರಾಟಕ್ಕೊಪ್ಪದ ಪ್ರೇಕ್ಷಕರು: ಬುಂಡೆಸ್‌ಲಿಗಾ 2023–24ರ ವಿಮರ್ಶೆ

ಫುಟ್‌ಬಾಲ್ ಲೀಗ್‌ನ ಒಂದು ಋತುವನ್ನು ಅಂಗಡಿಯಿಂದ ತಂದ ಸರಕಿನಂತೆ ತೂಗಿ ನೋಡಬಹುದೇ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಆದರೂ ಆಗಸ್ಟ್‌ನಿಂದ ಮೇ ತನಕ ವಾರಾಂತ್ಯಗಳನ್ನು ಒಪ್ಪಿಸಿ, ಪ್ರಸಾರಕ್ಕೆ ಚಂದಾ ಕಟ್ಟಿ ನೋಡಿದವನಿಗೆ ಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಸಿಕ್ಕಿತೆಂದು ಲೆಕ್ಕ ಹಾಕುವ ಹಕ್ಕಂತೂ ಇದ್ದೇ ಇದೆ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ 18 ತಂಡಗಳು, 34 ಸುತ್ತುಗಳು, ಒಟ್ಟು 306 ಪಂದ್ಯಗಳು. 2023–24ರ ಋತು ಆರಂಭವಾದಾಗ ಬಾಯರ್ನ್ ಮ್ಯೂನಿಕ್ ಸತತ 11 ಬಾರಿ ಪ್ರಶಸ್ತಿ ಗೆದ್ದಿತ್ತು. ಸಾಲದೆಂಬಂತೆ ಸುಮಾರು 10 ಕೋಟಿ ಯೂರೋ ತೆತ್ತು ಹ್ಯಾರಿ ಕೇನ್‌ನನ್ನೂ ಕರೆತಂದಿತ್ತು. ಕೊನೆಯ ಪುಟ ಮೊದಲೇ ಗೊತ್ತಿರುವ ಕಥೆಯನ್ನು ಓದಲು ಕುಳಿತಂತೆ ನಾನು ಮೊದಲ ಪಂದ್ಯಕ್ಕೆ ಕುಳಿತೆ.

ಆ ಪುಟವನ್ನು ಹರಿದುಹಾಕಿದ್ದು ಬೇಯರ್ ಲೆವರ್‌ಕುಸೆನ್. ಅಕ್ಟೋಬರ್ 2022ರಲ್ಲಿ ಶಾಬಿ ಅಲೊನ್ಸೊ ತರಬೇತಿಯ ಹೊಣೆ ಹೊತ್ತಾಗ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯ ಸ್ಥಾನದಲ್ಲಿದ್ದ ತಂಡವದು. ಮರು ಋತುವಿನಲ್ಲಿ ಅದೇ ತಂಡ 28 ಗೆಲುವು, 6 ಡ್ರಾಗಳೊಂದಿಗೆ 90 ಅಂಕ ಗಳಿಸಿ, ಒಂದೇ ಒಂದು ಪಂದ್ಯವನ್ನೂ ಸೋಲದೆ ಬುಂಡೆಸ್‌ಲಿಗಾ ಮುಗಿಸಿದ ಮೊದಲ ತಂಡವಾಯಿತು. 2000ದ ಕೊನೆಯ ದಿನ ಒಂದು ಡ್ರಾ ಸಾಕಾಗಿದ್ದರೂ ಪುಟ್ಟ ಉಂಟರ್‌ಹಾಖಿಂಗ್ ಎದುರು ಸೋತು ಪ್ರಶಸ್ತಿ ಕಳೆದುಕೊಂಡದ್ದು, 2002ರಲ್ಲಿ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರರಲ್ಲೂ ಎರಡನೆಯ ಸ್ಥಾನಕ್ಕೆ ನಿಂತದ್ದು ಬಲ್ಲವರಿಗೆ, ಈ ತಂಡವನ್ನು ಜನ ‘ನೆವರ್‌ಕುಸೆನ್’ (ಇಂಗ್ಲಿಷ್‌ನ ‘ನೆವರ್’, ಅಂದರೆ ಎಂದಿಗೂ ಗೆಲ್ಲದವರು) ಎಂದು ಆಡಿಕೊಳ್ಳುತ್ತಿದ್ದುದರ ಕಾರಣ ಹೇಳಬೇಕಿಲ್ಲ. 2024ರ ಏಪ್ರಿಲ್ 14ರಂದು ವೆರ್ಡರ್ ಬ್ರೆಮೆನ್ ವಿರುದ್ಧ 5–0 ಗೆಲುವು, ಅದರಲ್ಲಿ ಫ್ಲೋರಿಯನ್ ವಿರ್ಟ್ಸ್‌ನ ಮೂರು ಗೋಲು. ಇನ್ನೂ ಐದು ಸುತ್ತು ಬಾಕಿಯಿರುವಾಗಲೇ ಪ್ರಶಸ್ತಿ ಖಚಿತವಾಯಿತು.

ಐದು ಸುತ್ತು ಮೊದಲೇ ತೀರ್ಮಾನವಾದ ಋತು ಸಪ್ಪೆಯಾಗಿರಬೇಕಲ್ಲವೇ? ಕಾಗದದ ಮೇಲೆ ಹೌದು. ಆದರೆ ಈ ತಂಡ ಗೆದ್ದ ರೀತಿಯೇ ಬೇರೆ. ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ 94ನೆಯ ನಿಮಿಷದ ಪೆನಾಲ್ಟಿಯಿಂದ 2–2 ಸಮಬಲ; ಜನವರಿಯಲ್ಲಿ ಆಗ್ಸ್‌ಬರ್ಗ್ ಎದುರು 94ನೆಯ ನಿಮಿಷದಲ್ಲಿ ಪಂದ್ಯದ ಏಕೈಕ ಗೋಲು, ಮುಂದಿನ ವಾರ ಲೈಪ್‌ಜಿಗ್‌ನಲ್ಲಿ 91ನೆಯ ನಿಮಿಷದಲ್ಲಿ 3–2; ಮಾರ್ಚ್ ಕೊನೆಯಲ್ಲಿ ಹೋಫನ್‌ಹೈಮ್ ವಿರುದ್ಧ 87 ನಿಮಿಷ ಕಳೆದರೂ ಹಿಂದಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಗೋಲು. ಪ್ರಶಸ್ತಿ ಕೈಸೇರಿದ ಮೇಲೂ ಈ ಚಟ ಬಿಡಲಿಲ್ಲ: ಡಾರ್ಟ್‌ಮಂಡ್‌ನಲ್ಲಿ 97ನೆಯ ನಿಮಿಷ, ಸ್ಟುಟ್‌ಗಾರ್ಟ್ ಎದುರು 96ನೆಯ ನಿಮಿಷ. ಮೊದಲೆರಡು ಬಾರಿ ಅದೃಷ್ಟವೆಂದುಕೊಂಡೆ. ಕ್ರಮೇಣ ಕಂಡದ್ದೇನೆಂದರೆ, ಕೊನೆಯ ಹತ್ತು ನಿಮಿಷಗಳಲ್ಲಿ ಉಳಿದ ತಂಡಗಳು ಚೆಂಡನ್ನು ಎತ್ತಿ ಗೋಲಿನ ಮುಂದೆ ಎಸೆಯುವಾಗ, ಇವರು ಗ್ರಾನಿಟ್ ಝಾಕಾನ ಕಾಲಿನ ಮೂಲಕ ಅದೇ ಚಿಕ್ಕ ಪಾಸ್‌ಗಳನ್ನು, ಅದೇ ಸಮಾಧಾನದಲ್ಲಿ ಮುಂದುವರಿಸುತ್ತಿದ್ದರು. ಆತುರಪಡುತ್ತಿದ್ದವನು ನೋಡುಗ ಮಾತ್ರ.

ಇಡೀ ಋತುವಿನಿಂದ ಒಂದೇ ಪಂದ್ಯವನ್ನು ಆರಿಸಬೇಕೆಂದರೆ ಫೆಬ್ರವರಿ 10ರಂದು ಬಾಯರ್ನ್ ವಿರುದ್ಧ ಲೆವರ್‌ಕುಸೆನ್ 3–0ರಿಂದ ಗೆದ್ದ ಪಂದ್ಯವನ್ನು ಆರಿಸುತ್ತೇನೆ. ಮೊದಲ ಗೋಲು ಹೊಡೆದ ಯೋಸಿಪ್ ಸ್ಟಾನಿಸಿಚ್ ಬಾಯರ್ನ್ ತಂಡವೇ ಎರವಲು ಕೊಟ್ಟಿದ್ದ ಆಟಗಾರ. ಕೊನೆಯ ಗೋಲು ಬಂದಾಗ ಬಾಯರ್ನ್‌ನ ಗೋಲ್‌ಕೀಪರ್ ಕಾರ್ನರ್‌ಗೆಂದು ಮುಂದೆ ಓಡಿದ್ದರಿಂದ ಗೋಲುಪೆಟ್ಟಿಗೆ ಬರಿದಾಗಿತ್ತು, ಲೆವರ್‌ಕುಸೆನ್‌ನ ಫ್ರಿಂಪಾಂಗ್ ದೂರದಿಂದಲೇ ಚೆಂಡನ್ನು ಅದರೊಳಕ್ಕೆ ಕಳುಹಿಸಿದ. ಹನ್ನೊಂದು ವರ್ಷಗಳ ಆಳ್ವಿಕೆ ಮುಗಿದದ್ದು ಏಪ್ರಿಲ್‌ನಲ್ಲಲ್ಲ, ಆ ಸಂಜೆಯೇ.

ಇನ್ನು ಕುಂದುಗಳು. ಬಾಯರ್ನ್‌ನ ಕುಸಿತ ಸ್ಪರ್ಧೆಯನ್ನು ಬಡವಾಗಿಸಿತು. ಕೇನ್ 36 ಗೋಲು ಹೊಡೆದೂ ತಂಡ ಮೂರನೆಯ ಸ್ಥಾನಕ್ಕೆ ಇಳಿದದ್ದು ಒಬ್ಬ ಆಟಗಾರನಿಗೆ ಸಂದ ವಿಚಿತ್ರ ಅನ್ಯಾಯ. ಪಟ್ಟಿಯ ತಳದಲ್ಲಿ ಡಾರ್ಮ್‌ಸ್ಟಾಡ್ಟ್ 17 ಅಂಕಗಳಿಗೆ ನಿಂತು ವಸಂತಕ್ಕೆ ಮುಂಚೆಯೇ ಕೈಚೆಲ್ಲಿದಂತಿತ್ತು. ವಿಡಿಯೊ ತೀರ್ಪುಗಾರನಿಗಾಗಿ ಕಾಯುವ ಬೇಸರವಂತೂ ಎಲ್ಲ ಲೀಗ್‌ಗಳಲ್ಲೂ ಇದ್ದದ್ದೇ.

ಈ ಕೊರತೆಯನ್ನು ಇಬ್ಬರು ತುಂಬಿಕೊಟ್ಟರು. ಹಿಂದಿನ ಋತುವಿನಲ್ಲಿ ಪ್ಲೇಆಫ್ ಆಡಿ ಕೆಳದರ್ಜೆಗೆ ಬೀಳುವುದರಿಂದ ತಪ್ಪಿಸಿಕೊಂಡಿದ್ದ ಸ್ಟುಟ್‌ಗಾರ್ಟ್ 73 ಅಂಕಗಳೊಂದಿಗೆ ಬಾಯರ್ನ್‌ಗಿಂತ ಒಂದಂಕ ಮೇಲೆ ನಿಂತಿತು. ಹೈಡೆನ್‌ಹೈಮ್‌ನ ಕಥೆ ಇನ್ನೂ ರುಚಿಕರ: ಸುಮಾರು 50 ಸಾವಿರ ಜನರ ಊರು, 15 ಸಾವಿರ ಮಂದಿ ಹಿಡಿಸುವ ಮೈದಾನ, 2007ರಿಂದ ಬದಲಾಗದ ತರಬೇತುದಾರ ಫ್ರಾಂಕ್ ಶ್ಮಿಟ್. ಮೊದಲ ಬಾರಿಗೆ ಅಗ್ರ ದರ್ಜೆಗೆ ಬಂದ ಈ ತಂಡ ಏಪ್ರಿಲ್‌ನಲ್ಲಿ ಬಾಯರ್ನ್ ವಿರುದ್ಧ 0–2ರಿಂದ ಎದ್ದು ಬಂದು 3–2ರಿಂದ ಗೆದ್ದು, ಎಂಟನೆಯ ಸ್ಥಾನದಲ್ಲಿ ಋತು ಮುಗಿಸಿತು.

ಆದರೆ ನನ್ನ ಅಂದಾಜಿನಲ್ಲಿ ಈ ಋತುವಿಗೆ ನಿಜವಾದ ತೂಕ ತಂದುಕೊಟ್ಟವರು ಮೈದಾನದ ಹೊರಗಿದ್ದವರು. ಡಿಸೆಂಬರ್ 2023ರಲ್ಲಿ, ಮೊದಲೆರಡು ದರ್ಜೆಗಳ 36 ಕ್ಲಬ್‌ಗಳಲ್ಲಿ ಅಗತ್ಯವಿದ್ದ 24 ಮತಗಳನ್ನು ತಕ್ಕಡಿಯ ಮುಳ್ಳಿನಷ್ಟು ಕರಾರುವಾಕ್ಕಾಗಿ ಪಡೆದು, ಲೀಗ್‌ನ ಆಡಳಿತವು ಪ್ರಸಾರ ಹಕ್ಕುಗಳ ಆದಾಯದಲ್ಲಿ ಶೇ 8ರಷ್ಟು ಪಾಲನ್ನು 20 ವರ್ಷಗಳ ಮಟ್ಟಿಗೆ ಹೂಡಿಕೆದಾರರಿಗೆ ಕೊಟ್ಟು 100 ಕೋಟಿ ಯೂರೋವರೆಗೆ ತರುವ ಯೋಜನೆಗೆ ಮುಂದಾಯಿತು. ಕ್ಲಬ್‌ನ ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆನ್ನುವ ‘50+1’ ನಿಯಮದ ನಾಡಿದು, ಪ್ರೇಕ್ಷಕರು ಸುಮ್ಮನಿರಲಿಲ್ಲ. ಮೊದಲಿಗೆ 12 ನಿಮಿಷಗಳ ಮೌನ. ಆಮೇಲೆ ಮೈದಾನಕ್ಕೆ ಟೆನಿಸ್ ಚೆಂಡುಗಳು, ಚಾಕೊಲೇಟ್ ನಾಣ್ಯಗಳು, ಕೊನೆಗೆ ಹೊಗೆಯುಗುಳುತ್ತ ಓಡಾಡುವ ರಿಮೋಟ್ ಆಟಿಕೆ ಕಾರುಗಳು. ಚಂದಾ ಕಟ್ಟಿದವನಾಗಿ ಮೊದಲ ಅಡಚಣೆಗೆ ನಾನೂ ಗೊಣಗಿದೆ. ಮೂರನೆಯದರ ಹೊತ್ತಿಗೆ ಅವರ ಪರ ವಹಿಸಿದ್ದೆ. ಫೆಬ್ರವರಿ 21ರಂದು ಯೋಜನೆಯನ್ನು ಕೈಬಿಡಲಾಯಿತು. ಇದರಲ್ಲೊಂದು ವ್ಯಂಗ್ಯವೂ ಉಂಟು: ಅದೇ ಋತುವಿನಲ್ಲಿ ಗೆದ್ದ ಲೆವರ್‌ಕುಸೆನ್, 1904ರಲ್ಲಿ ಬೇಯರ್ ಔಷಧ ಕಾರ್ಖಾನೆಯ ಕಾರ್ಮಿಕರಿಂದ ಹುಟ್ಟಿ ಇಂದಿಗೂ ಆ ಕಂಪನಿಯ ಒಡೆತನದಲ್ಲೇ ಇರುವ ಕಾರಣಕ್ಕೆ ಆ ನಿಯಮದಿಂದ ವಿನಾಯಿತಿ ಪಡೆದಿರುವ ಕ್ಲಬ್.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಈಗ ನೋಡಹೊರಟವರು ಮೇಲೆ ಹೇಳಿದ ಬಾಯರ್ನ್ ಪಂದ್ಯವನ್ನೂ ಹೋಫನ್‌ಹೈಮ್ ಪಂದ್ಯದ ಕೊನೆಯ ಕಾಲು ಗಂಟೆಯನ್ನೂ ತಪ್ಪಿಸಬಾರದು. ತಾಳ್ಮೆಯಿದ್ದವರು ಫೆಬ್ರವರಿ 10ರ ಯೂನಿಯನ್ ಬರ್ಲಿನ್–ವುಲ್ಫ್ಸ್‌ಬರ್ಗ್ ಪಂದ್ಯವನ್ನೂ ಪೂರ್ತಿಯಾಗಿ ನೋಡಲಿ. ಟೆನಿಸ್ ಚೆಂಡುಗಳಿಂದಾಗಿ ಆಟ ಅರ್ಧ ಗಂಟೆಯಷ್ಟು ನಿಂತುಹೋದ ಆ ಭಾಗಕ್ಕೆ ಮುಖ್ಯಾಂಶಗಳಲ್ಲಿ ಜಾಗವಿರುವುದಿಲ್ಲ.