ಸಿಗ್ನಲ್ಲೋ, ವಾಟ್ಸಾಪೋ?

ಸಿಗ್ನಲ್ ಕೂಡ ವಾಟ್ಸಾಪ್‌ನಂತೆ ಸಂದೇಶ ಕಳಿಸುವ ಆ್ಯಪ್. ನಮ್ಮ ಗುಟ್ಟು ಕಾಯಲು ಯಾವುದು ಮೇಲು ಎಂಬುದು ಪ್ರಶ್ನೆ. ಬೀಗದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಸಿಗ್ನಲ್ ತಂಡ ರೂಪಿಸಿದ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಬಿಟ್ಟು ಬೇರಾರೂ ಓದಲಾಗದಂತೆ ಸಂದೇಶಕ್ಕೆ ಬೀಗ ಹಾಕುವ) ವಿಧಾನವನ್ನೇ 2016ರಲ್ಲಿ ವಾಟ್ಸಾಪ್ ತನ್ನೆಲ್ಲ ಬಳಕೆದಾರರಿಗೂ ಅಳವಡಿಸಿತು. ಬೀಗ ಒಂದೇ, ಮನೆ ಬೇರೆ.

ಸಿಗ್ನಲ್‌ನ ಕೋಡ್, ಅಂದರೆ ಆ್ಯಪನ್ನು ನಡೆಸುವ ಕಂಪ್ಯೂಟರ್ ಬರಹ, ಎಲ್ಲರೆದುರಿಗಿದೆ. ಬಲ್ಲವರು ಓದಿ ತಪ್ಪು ಹಿಡಿಯಬಹುದು. ವಾಟ್ಸಾಪ್‌ನದು ಮುಚ್ಚಿದ ಕೋಡ್, ಬಹುಮಟ್ಟಿಗೆ ಅದರ ಒಡೆಯ ಕಂಪನಿ ಮೆಟಾ ಹೇಳಿದ್ದನ್ನು ನಂಬಬೇಕು. ನೀವು ನಾನು ಕೋಡ್ ಓದುವುದಿಲ್ಲ, ನಿಜ. ಆದರೆ ಓದಬಲ್ಲವರು ಓದುತ್ತಾರೆ ಎಂಬ ಅಂಜಿಕೆ ಬರೆಯುವವರಿಗಿರುತ್ತದೆ.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಬೇರೆ: ಏನು ಮಾತಾಡಿದಿರಿ ಎನ್ನುವುದಲ್ಲ, ಯಾರೊಂದಿಗೆ, ಯಾವಾಗ ಎಂಬ ವಿವರ. ಯುದ್ಧ ಬೇಡ ಎಂದು ಬರೆಯುವವರನ್ನು 'ದೇಶದ ಭದ್ರತೆ' ಹೆಸರಲ್ಲಿ ಹುಡುಕುವ ಸರ್ಕಾರಕ್ಕೆ ಇಷ್ಟೇ ಸಾಕು. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮಾಹಿತಿ ಕೇಳಿದಾಗ ಸಿಗ್ನಲ್ ಕೊಟ್ಟದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಇಲ್ಲದ್ದನ್ನು ಎಲ್ಲಿಂದ ತಂದು ಕೊಟ್ಟಾರು? ವಾಟ್ಸಾಪ್ ಇದಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತದೆ. ಅದರ ನೀತಿಯಲ್ಲೇ ಬರೆದಿದೆ.

ಹಣ? ಸಿಗ್ನಲ್ ದೇಣಿಗೆಯಿಂದ ನಡೆಯುವ ಲಾಭರಹಿತ ಸಂಸ್ಥೆ. ವಾಟ್ಸಾಪನ್ನು 2014ರಲ್ಲಿ ಕೊಂಡದ್ದು ಲಾಭಕ್ಕಾಗಿ ನಡೆಯುವ ಫೇಸ್‌ಬುಕ್, ಅಂದರೆ ಈಗಿನ ಮೆಟಾ.

ಸಿಗ್ನಲ್‌ಗೂ ಕೊರತೆಯಿದೆ. ಸೇರಲು ಫೋನ್ ನಂಬರ್ ಬೇಕೇ ಬೇಕು, 2024ರಿಂದ ಅದನ್ನು ಇತರರಿಂದ ಮುಚ್ಚಿಡಬಹುದಷ್ಟೆ. ಅದಕ್ಕಿಂತ ಕಷ್ಟವೆಂದರೆ ಹಾಲಿನವರು, ಶಾಲೆಯ ಗುಂಪು, ಸೋದರತ್ತೆ ಯಾರೂ ಅಲ್ಲಿಲ್ಲ.

ಪತ್ರಕರ್ತರು, ವಕೀಲರು, ಚಳವಳಿಯವರಾದರೆ ಸಿಗ್ನಲ್ ಹಾಕಿಕೊಳ್ಳಿ, ನಿಮ್ಮೊಂದಿಗೆ ಮಾತಾಡುವವರನ್ನೂ ಕರೆತನ್ನಿ. ಮದುವೆ ಕರೆಯೋಲೆ ಹಂಚಲು ಮಾತ್ರವಾದರೆ ವಾಟ್ಸಾಪ್ ಸಾಕು.