ರಸ್ತೆ ಅಗಲವಾಗುವಾಗ: ಹಗ್ಗದ ಸೇತುವೆಯೋ, ಮೋರಿಯೋ?

ಬೆಂಗಳೂರಲ್ಲಿ ರಸ್ತೆ ಅಗಲ ಮಾಡುವಾಗ ಪ್ರಾಣಿಗಳಿಗೆ ಯಾವ ದಾರಿ ಬಿಡಬೇಕು? ಅಲ್ಲಿ ಯಾರು ಓಡಾಡುತ್ತಾರೆ ಅಂತ ಮೊದಲು ನೋಡಿ.

ಮರದಲ್ಲೇ ಬದುಕುವ ಕಾಡುಪಾಪಕ್ಕೆ (ಸ್ಲೆಂಡರ್ ಲೋರಿಸ್) ಕೊಂಬೆಯೇ ರಸ್ತೆ. ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಆವರಣದಲ್ಲೂ ಇದೆ ಈ ಪುಟ್ಟ ಜೀವಿ. ಅದು ನೆಗೆಯುವುದಿಲ್ಲ, ಮುಂದಿನ ಕೊಂಬೆ ಹಿಡಿದ ಮೇಲೇ ಹಿಂದಿನದನ್ನು ಬಿಡುತ್ತದೆ. ಕೊಂಬೆ ಎಟುಕದಿದ್ದರೆ ನೆಲಕ್ಕಿಳಿಯಬೇಕು, ಅಲ್ಲಿ ನಾಯಿ, ಕಾರು. ರಸ್ತೆ ಮೇಲೆ ಮರದಿಂದ ಮರಕ್ಕೆ ಹಾಕುವ ಹಗ್ಗದ ಸೇತುವೆ ಅಗ್ಗ, ಬೇಗ ಕಟ್ಟಬಹುದು. ಆದರೆ ಹಗ್ಗ ಸವೆಯುತ್ತದೆ, ಕರೆಂಟ್ ತಂತಿಯಿಂದ ದೂರವಿರಬೇಕು. ಇರುವ ಮರ ಉಳಿಸಿಕೊಂಡರೆ ಅದೂ ಬೇಡ, ಅಲ್ವಾ?

ಮುಂಗುಸಿ, ಹಾವು, ಕಪ್ಪೆಗಳಿಗೆ ರಸ್ತೆಯಡಿ ಹಾಯುವ ಮೋರಿ. ಖರ್ಚು ಜಾಸ್ತಿ, ಡಾಂಬರಿಗೆ ಮೊದಲೇ ಆಗಬೇಕು. ಮಳೆನೀರಿನ ಮೋರಿಯೊಳಗೇ ಪಕ್ಕಕ್ಕೊಂದು ಒಣ ಜಗುಲಿ ಕಟ್ಟಬಹುದು. ಕಸ ತುಂಬಿದರೆ ಮಾತ್ರ ಸುಮ್ನೆ ದುಡ್ಡು ದಂಡ.

ಬನ್ನೇರುಘಟ್ಟದ ಆನೆಗಳಿಗೆ ಎರಡೂ ಆಗಲ್ಲ. ಅಲ್ಲಿ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಬೇಕು, ಮಧ್ಯಪ್ರದೇಶ-ಮಹಾರಾಷ್ಟ್ರ ಗಡಿಯ ಪೆಂಚ್ ಕಾಡಿನಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿಯನ್ನು ಎತ್ತಿದ ಹಾಗೆ.